ಬಾತುಕೋಳಿ ಬೇಟೆಗೆ ದುಡ್ಡು ಕೊಟ್ಟು ಗದ್ದೆ ಹಿಡಿಯುವ ಮುನ್ನ

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರಲ್ಲಿ ಬೇಟೆಗೆ ಹೋಗುವವರು ಕಡಿಮೆ. ಆದರೂ ಆಫೀಸಿನ ಗೆಳೆಯರು ಕರೆದರು ಅಂತ ಹೋಗುವವರು ಇದ್ದೇ ಇದ್ದಾರೆ. ಇದನ್ನು ಬರೆಯುತ್ತಿರುವುದು ಅವರಿಗಾಗಿ. ಸೀಸನ್ನಿನ ಮೊದಲ ದಿನಕ್ಕೆ "ಒಂದು ದಿನದ ಬಾಡಿಗೆ, ನಿಮಗೇ ಮೀಸಲಾದ ಗದ್ದೆ, ಬಾತು ಗ್ಯಾರಂಟಿ" ಅಂತ ಆನ್‌ಲೈನಿನಲ್ಲಿ ಜಾಹೀರಾತು ಕಂಡರೆ ಅವಸರದಲ್ಲಿ ದುಡ್ಡು ಕಳಿಸಬೇಡಿ. ಹಾರುವ ಹಕ್ಕಿಗೆ ಗ್ಯಾರಂಟಿ ಕೊಡಲು ಯಾರಿಗೂ ಆಗುವುದಿಲ್ಲ. ಕೊಡುತ್ತಿದ್ದಾನೆ ಅಂದರೆ ಏನೋ ಮಾಡಿಟ್ಟಿದ್ದಾನೆ ಅಂತಲೇ ತಿಳಿಯಿರಿ.

ಜಾಗ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಸ್ಯಾಕ್ರಮೆಂಟೊ ಕಣಿವೆಯಲ್ಲಿ ಸುಮಾರು ಐದು ಲಕ್ಷ ಎಕರೆ ಭತ್ತದ ಗದ್ದೆ ಇದೆ. ಕೊಲೂಸಾ, ಬ್ಯೂಟ್, ಗ್ಲೆನ್ ಕೌಂಟಿಗಳಲ್ಲಿ ಕಾರು ಓಡಿಸಿದರೆ ಗಂಗಾವತಿ ಕಡೆ ಬಂದ ಹಾಗೇ ಅನಿಸುತ್ತದೆ. ಮೊದಲು ಕೊಯ್ಲಾದ ಮೇಲೆ ಹುಲ್ಲಿಗೆ ಬೆಂಕಿ ಹಾಕುತ್ತಿದ್ದರು. ಹೊಗೆಯ ಕಾಟ ಜಾಸ್ತಿಯಾಗಿ 1991ರಲ್ಲಿ ಅದಕ್ಕೆ ಕಡಿವಾಣ ಹಾಕುವ ಕಾನೂನು ಬಂತು. ಆಮೇಲೆ ರೈತರು ಗದ್ದೆಗೆ ನೀರು ನಿಲ್ಲಿಸಿ ಹುಲ್ಲು ಕೊಳೆಸುವುದನ್ನು ರೂಢಿ ಮಾಡಿಕೊಂಡರು. ಆ ನೀರಿಗೆ, ಉದುರಿದ ಭತ್ತಕ್ಕೆ, ಅಲಾಸ್ಕಾ ಮತ್ತು ಕೆನಡಾ ಕಡೆಯಿಂದ ಲಕ್ಷಗಟ್ಟಲೆ ಬಾತುಗಳು ಇಳಿಯುತ್ತವೆ. ಮಲ್ಲಾರ್ಡ್, ಟೀಲ್, ವಿಜನ್, ಮತ್ತೆ ಚಳಿಗಾಲದಲ್ಲಿ ನಮ್ಮ ಕರ್ನಾಟಕದ ಕೆರೆಗಳಿಗೂ ಬರುವ ಸೂಜಿಬಾಲದ ಬಾತು. ಈ ಕಣಿವೆಯಲ್ಲಿದ್ದ ಹಳೆಯ ಜೌಗುನೆಲದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹೋಗಿಯೇ ಬಿಟ್ಟಿದೆ. ಹಾಗಾಗಿ ಈ ಗದ್ದೆಗಳೇ ಈಗ ಅವುಗಳಿಗೆ ಆಸರೆ.

ನಾವು ಹೋದದ್ದು ನಾಲ್ಕು ಜನ. ಒಬ್ಬರು ಅಮೆರಿಕದವರೇ ಆದ ಹಿರಿಯ ಸಹೋದ್ಯೋಗಿ, ಚಿಕ್ಕಂದಿನಿಂದ ಬೇಟೆ ಬಲ್ಲವರು. ಇನ್ನೊಬ್ಬ ದಾವಣಗೆರೆಯವನು. ಮತ್ತೊಬ್ಬ ಕೊಡಗಿನವನು, ಎಚ್-1ಬಿ ವೀಸಾದಲ್ಲಿ ಇರುವವನು. ಸರ್ಕಾರಿ ಪಕ್ಷಿಧಾಮಗಳಲ್ಲಿ ಬೇಟೆಗೆ ಜಾಗ ಸಿಗುವುದು ಲಾಟರಿಯಲ್ಲಿ. ಮೊದಲ ದಿನಕ್ಕಂತೂ ಸಿಕ್ಕಿದರೆ ಅದೃಷ್ಟ. ನಮಗೆ ಸಿಗಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಈ ಜಾಹೀರಾತು. ಅರ್ಧ ದುಡ್ಡು ಮುಂಗಡ, ಉಳಿದದ್ದು ಬೆಳಿಗ್ಗೆ ಗೇಟಿನ ಹತ್ತಿರ.

ನಮ್ಮ ಹಿರಿಯರು ಒಂದು ಒಳ್ಳೆಯ ಕೆಲಸ ಮಾಡಿದ್ದರು. ದುಡ್ಡು ಕಳಿಸುವ ಮೊದಲೇ ಅವನಿಗೆ ಮೆಸೇಜ್ ಹಾಕಿ, "ಗದ್ದೆಗೆ ಹೊರಗಿನಿಂದ ತಂದ ಕಾಳು ಏನಾದರೂ ಹಾಕಿದ್ದೀರಾ?" ಅಂತ ಕೇಳಿದ್ದರು. ಹಕ್ಕಿ ಸೆಳೆಯಲು ಹಾಗೆ ಕಾಳು ಚೆಲ್ಲಿ ಬೇಟೆಯಾಡುವುದು ಇಲ್ಲಿ ಅಪರಾಧ. "ಇಲ್ಲ, ಕೊಯ್ಲಲ್ಲಿ ಉದುರಿದ ಭತ್ತ ಬಿಟ್ಟರೆ ಬೇರೇನೂ ಇಲ್ಲ" ಅಂತ ಉತ್ತರ ಬಂದಿತ್ತು. ಈ ಎರಡು ಸಾಲು ನಮ್ಮನ್ನು ಹೇಗೆ ಕಾಪಾಡಿತು ಅಂತ ಮುಂದೆ ಹೇಳುತ್ತೇನೆ.

ಅಕ್ಟೋಬರಿನ ಆ ಶನಿವಾರ ಕತ್ತಲಿದ್ದಾಗಲೇ ಗೇಟಿನ ಹತ್ತಿರ ಸೇರಿದೆವು. ಮಾಲೀಕ ನಮ್ಮನ್ನು ತನ್ನ ಗಾಡಿಯಲ್ಲಿ ಕೂರಿಸಿಕೊಂಡು ಬದುವಿನ ಮೇಲೆ ಕರೆದುಕೊಂಡು ಹೋದ. ಇಲ್ಲಿ ಗದ್ದೆಯ ಬದುವಿನಲ್ಲೇ ದೊಡ್ಡ ತೊಟ್ಟಿ ಹೂತಿರುತ್ತಾರೆ. ಅದರೊಳಗೆ ಇಳಿದು, ತಲೆಯ ಮೇಲೆ ಹುಲ್ಲು ಮುಚ್ಚಿಕೊಂಡು ಕೂರಬೇಕು. ಅದಕ್ಕೆ ಬ್ಲೈಂಡ್ ಅನ್ನುತ್ತಾರೆ. ಎದುರಿಗೆ ನೀರಿನಲ್ಲಿ ಪ್ಲಾಸ್ಟಿಕ್ ಬಾತುಗಳು. ಸೊಳ್ಳೆ ಹೇಳತೀರದು. ಹೊರಡುವ ಮೊದಲು ಮಾಲೀಕ ಎರಡು ಮಾತು ಹೇಳಿದ. "ಆ ಮೂಲೆಗೆ ನಡೆದು ಹೋಗಬೇಡಿ, ಕೆಸರು ಆಳ ಇದೆ, ಬಿದ್ದ ಹಕ್ಕಿ ತರಲು ನನ್ನ ನಾಯಿ ಕಳಿಸುತ್ತೇನೆ" ಅನ್ನುವುದು ಒಂದು. ಇನ್ನೊಂದು ನಮ್ಮ ಕೊಡಗಿನ ಗೆಳೆಯನಿಗೆ ಹೇಳಿದ್ದು. ಅವನ ಹತ್ತಿರ ಬೇಟೆ ಲೈಸೆನ್ಸ್ ಇರಲಿಲ್ಲ, ಸುಮ್ನೆ ನೋಡಲು ಬಂದಿದ್ದ. ಮಾಲೀಕ ತನ್ನ ಬಂದೂಕು ಮುಂದೆ ಚಾಚಿ, "ಒಂದೆರಡು ಹೊಡಿ, ಇಲ್ಲಿ ಯಾರು ಕೇಳುತ್ತಾರೆ" ಅಂದ.

ವೀಸಾದಲ್ಲಿರುವವರು ಇಲ್ಲಿ ಒಂದು ನಿಮಿಷ ನಿಲ್ಲಿ. ಎಚ್-1ಬಿ, ಎಲ್-1, ಎಫ್-1 ಇಂಥ ವೀಸಾದಲ್ಲಿ ಬಂದವರು ಬಂದೂಕಾಗಲಿ ತೋಟಾ ಆಗಲಿ ಹೊಂದುವಂತಿಲ್ಲ. ಇದು ಅಮೆರಿಕದ ಕೇಂದ್ರ ಕಾನೂನು. ಅದಕ್ಕೆ ಇರುವ ಕೆಲವೇ ವಿನಾಯಿತಿಗಳಲ್ಲಿ ನಮ್ಮಂಥವರಿಗೆ ಉಪಯೋಗವಾಗುವುದು ಒಂದೇ: ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿರಬೇಕು. ಇಲ್ಲದಿದ್ದರೆ ಗೆಳೆಯನ ಬಂದೂಕನ್ನು ಐದು ನಿಮಿಷ ಹಿಡಿದರೂ ಅಪರಾಧವಾಗಬಹುದು. ಗರಿಷ್ಠ ಶಿಕ್ಷೆ 15 ವರ್ಷ ಜೈಲು. ದೇಶದಿಂದ ಹೊರಗೆ ಹಾಕುವುದಕ್ಕೂ ಅದೊಂದೇ ಕಾರಣ ಸಾಕು. "ಹಿಡಿದು ನೋಡು ಗುರು" ಅಂತ ಪ್ರೀತಿಯಿಂದ ಕೊಡುವ ಗೆಳೆಯರಿಗೆ ಇದು ಗೊತ್ತೇ ಇರುವುದಿಲ್ಲ. ನಮ್ಮ ಗೆಳೆಯನ ಮನೆಯಲ್ಲಿ ಪ್ರತಿ ವರ್ಷ ಕೈಲ್ ಪೊಳ್ದ್‌ನಲ್ಲಿ ಕೋವಿಗೆ ಪೂಜೆ ಮಾಡುತ್ತಾರೆ. ಬಂದೂಕು ಅಂದರೆ ಏನು ಅಂತ ನಮಗೆಲ್ಲರಿಗಿಂತ ಚೆನ್ನಾಗಿ ಬಲ್ಲವನು. ಅವನು ಎರಡೂ ಕೈ ಜೇಬಿಗೆ ಹಾಕಿಕೊಂಡು "ಬೇಡ" ಅಂದ. ಮಾಲೀಕ ಮತ್ತೆ ಒತ್ತಾಯ ಮಾಡಿದ. ಅವನು ಮತ್ತೆ ಬೇಡ ಅಂದ. ಆ ಬೇಡದ ಬೆಲೆ ಗಂಟೆಯೊಳಗೇ ಗೊತ್ತಾಯಿತು.

ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಗುಂಡು ಹಾರಿಸಬಹುದು, ಅದಕ್ಕೂ ಮೊದಲು ಇಲ್ಲ. ಹೊತ್ತು ನೋಡಿಯೇ ಶುರು ಮಾಡಿದೆವು. ಮೊದಲ ಗುಂಪು ಬಂದಾಗಲೇ ಹಿರಿಯರ ಮುಖ ಗಂಟಿಕ್ಕಿತು. ಕಾಡು ಬಾತು ಇಳಿಯುವ ಮೊದಲು ಎರಡು ಮೂರು ಸುತ್ತು ಹಾಕಿ, ಕೆಳಗೆಲ್ಲ ನೋಡಿ, ಅನುಮಾನ ಬಂದರೆ ಹೊರಟೇ ಹೋಗುತ್ತದೆ. ಇವು ಸುತ್ತು ಹಾಕಲೇ ಇಲ್ಲ. ಪ್ಲಾಸ್ಟಿಕ್ ಬಾತುಗಳ ಕಡೆ ನೋಡಲೂ ಇಲ್ಲ. ಅವನು ಹೋಗಬೇಡಿ ಅಂದಿದ್ದನಲ್ಲ, ಅದೇ ಮೂಲೆಗೆ ನೇರವಾಗಿ ಬಂದು ಬೀಳುತ್ತಿದ್ದವು. ನಾನೊಂದು, ಹಿರಿಯರೊಂದು ಹೊಡೆದಿದ್ದೆವು. ಅಷ್ಟರಲ್ಲಿ ಅವರು, "ನಿಲ್ಲಿಸಿ, ತೋಟಾ ಎಲ್ಲ ತೆಗೆಯಿರಿ" ಅಂದರು.

ಅವರು ವೇಡರ್ಸ್ (ನೀರು ಒಳಗೆ ಬಿಡದ ಉದ್ದನೆಯ ಬೂಟು-ಪ್ಯಾಂಟು) ಹಾಕಿಕೊಂಡೇ ಆ ಮೂಲೆಗೆ ನಡೆದರು. ಕೆಸರು ಆಳವೇನೂ ಇರಲಿಲ್ಲ, ನೀರು ಮೊಣಕಾಲಿಗೂ ಬರಲಿಲ್ಲ. ಬಗ್ಗಿ ತಳದಿಂದ ಒಂದು ಹಿಡಿ ಕೆಸರು ಎತ್ತಿ, ನೀರಿನಲ್ಲಿ ಅಲುಗಿಸಿ ತೊಳೆದು, ಅಂಗೈ ಬಿಡಿಸಿ ತೋರಿಸಿದರು. ಹಳದಿ ಮೆಕ್ಕೆಜೋಳ. ನೀರು ಕುಡಿದು ಉಬ್ಬಿದ್ದವು, ಕೆಲವಕ್ಕೆ ಮೊಳಕೆಯ ಬಿಳಿ ತುದಿ ಬಂದಿತ್ತು. ದಾವಣಗೆರೆಯವನು, "ಭತ್ತದ ಗದ್ದೆಯಲ್ಲಿ ಮೆಕ್ಕೆಜೋಳ ಎಲ್ಲಿಂದ ಬಂತು ಮಾರಾಯಾ" ಅಂದ. ರೈತರ ಮನೆಯಲ್ಲಿ ಹುಟ್ಟಿದವನಿಗೆ ಬೇರೆ ವಿವರಣೆ ಬೇಕಿರಲಿಲ್ಲ.

ನಾವು ಸಾಮಾನು ಕಟ್ಟುವಷ್ಟರಲ್ಲಿ ಬದುವಿನ ಮೇಲೆ ವಾರ್ಡನ್, ಅಂದರೆ ಬೇಟೆಯ ಕಾನೂನು ನೋಡಿಕೊಳ್ಳುವ ಅಧಿಕಾರಿ, ನಡೆದು ಬಂದರು. ಅವರು ಆ ಜಾಗವನ್ನು ಎರಡು ದಿನ ಮೊದಲೇ ನೋಡಿ, ಕಾಳಿನ ಮಾದರಿ ತೆಗೆದಿಟ್ಟಿದ್ದರಂತೆ. ಅಂದು ಕತ್ತಲಲ್ಲೇ ಬಂದು ದೂರದಲ್ಲಿ ಕೂತಿದ್ದರು. ಮೊದಲು ಬಂದೂಕು ನೋಡಿದರು. ಈ ಬೇಟೆಯಲ್ಲಿ ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯುವಂತಿಲ್ಲ, ಒಳಗೆ ಒಂದು ಅಡ್ಡಗಡ್ಡಿ ಇರಬೇಕು. ಅವರು ಮ್ಯಾಗಜೀನಿಗೆ ಎರಡು ತೋಟಾ ತುಂಬಿ ಮೂರನೆಯದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಹೋಗಲಿಲ್ಲ. ಆಮೇಲೆ ಲೈಸೆನ್ಸ್, ಬಾತಿನ ಪರವಾನಗಿ, ಡಕ್ ಸ್ಟ್ಯಾಂಪ್ (ಬಾತು ಬೇಟೆಗೆ ಕೊಳ್ಳಬೇಕಾದ ಕೇಂದ್ರ ಸರ್ಕಾರದ ಸ್ಟ್ಯಾಂಪ್). ಸ್ಟ್ಯಾಂಪಿನ ಮೇಲೆ ಪೆನ್ನಿನಲ್ಲಿ ಅಡ್ಡಲಾಗಿ ಸಹಿ ಹಾಕಿರಬೇಕು, ಹಾಕಿದ್ದೆವು. ತೋಟಾ ಸೀಸದ್ದಲ್ಲ, ಸ್ಟೀಲಿನದು. ಅದೂ ಸರಿ. ಕೊಡಗಿನ ಗೆಳೆಯನನ್ನು ಬೇರೆ ಕರೆದು, "ನೀನು ಬಂದೂಕು ಮುಟ್ಟಿದೆಯಾ?" ಅಂತ ಮೂರು ಥರ ಕೇಳಿದರು. ದೂರದರ್ಶಕದಲ್ಲಿ ಅವರೇ ನೋಡಿದ್ದರಿಂದ ಅಲ್ಲಿಗೆ ಮುಗಿಯಿತು.

ಉಳಿದದ್ದು ಅಷ್ಟು ಸುಲಭವಾಗಲಿಲ್ಲ. ಎರಡೂ ಹಕ್ಕಿಗಳನ್ನು ಸಾಕ್ಷಿಗೆ ಅಂತ ತೆಗೆದುಕೊಂಡರು. ಹೊಡೆದವರಾದ ನನಗೂ ಹಿರಿಯರಿಗೂ ಟಿಕೆಟ್, ಅಂದರೆ ಕೇಸಿನ ನೋಟಿಸು, ಬರೆದರು. ಕಾಳು ಚೆಲ್ಲಿದವನು ಬೇರೆಯವನಾದರೂ ಅದರ ಮೇಲೆ ಬೇಟೆಯಾಡಿದವನೂ ತಪ್ಪಿತಸ್ಥ. "ಗೊತ್ತಿತ್ತು, ಅಥವಾ ಗೊತ್ತಾಗಬೇಕಿತ್ತು" ಅನ್ನುವುದೇ ಅಳತೆ. 1998ಕ್ಕೆ ಮೊದಲು ಅಷ್ಟೂ ಇರಲಿಲ್ಲ, ಗೊತ್ತಿಲ್ಲದಿದ್ದರೂ ತಪ್ಪೇ ಆಗುತ್ತಿತ್ತು. ಗರಿಷ್ಠ ದಂಡ 15,000 ಡಾಲರ್, ಆರು ತಿಂಗಳ ಜೈಲು. ಕಾಳು ಹಾಕಿದವನಿಗೆ ಒಂದು ವರ್ಷದವರೆಗೆ. ಮತ್ತೆ ಕಾಳನ್ನೆಲ್ಲ ಬಳಿದು ತೆಗೆದರೂ ಹತ್ತು ದಿನದವರೆಗೆ ಆ ಜಾಗದಲ್ಲಿ ಬೇಟೆಯಾಡುವಂತಿಲ್ಲ. ಕೊಯ್ಲಲ್ಲಿ ತಾನಾಗಿ ಉದುರಿದ ಭತ್ತದ ಮೇಲೆ ತೊಂದರೆ ಇಲ್ಲ. ಹೊರಗಿನಿಂದ ತಂದು ಚೆಲ್ಲಿದ್ದೇ ಅಪರಾಧ.

ಈ ನಿಯಮ ಸುಮ್ನೆ ಬಂದದ್ದಲ್ಲ. ಹಿಂದೆ ಇಲ್ಲಿ ಮಾರುಕಟ್ಟೆಗೆ ಅಂತ ಹಕ್ಕಿಗಳನ್ನು ಗಾಡಿಗಟ್ಟಲೆ ಹೊಡೆಯುತ್ತಿದ್ದರು. 1918ರಲ್ಲಿ ವಲಸೆ ಹಕ್ಕಿಗಳ ಕಾಯಿದೆ ಬಂತು, 1934ರಲ್ಲಿ ಡಕ್ ಸ್ಟ್ಯಾಂಪ್ ಬಂತು, ಕಾಳು ಹಾಕಿ ಹೊಡೆಯುವುದನ್ನು 1935ರಲ್ಲಿ ನಿಲ್ಲಿಸಿದರು. ಇವತ್ತು 25 ಡಾಲರಿನ ಆ ಸ್ಟ್ಯಾಂಪಿನಲ್ಲಿ ನೂರಕ್ಕೆ 98 ಭಾಗ ಜೌಗುನೆಲ ಕೊಳ್ಳಲು, ಉಳಿಸಲು ಹೋಗುತ್ತದೆ. ಸಾವಿರಾರು ಮೈಲಿ ಹಾರಿ, ಮೈಯ ಕೊಬ್ಬೆಲ್ಲ ಕರಗಿಸಿಕೊಂಡು ಬಂದ ಹಕ್ಕಿ ಹಸಿವಿಗೆ ಎಲ್ಲ ಅನುಮಾನವನ್ನೂ ಬಿಟ್ಟು ಇಳಿಯುತ್ತದೆ. ಆ ಹಸಿವನ್ನೇ ಬಲೆ ಮಾಡಿ ಅದರ ಮೇಲೆ ದುಡ್ಡು ಮಾಡುವುದು ನನಗೆ ಸಹಿಸಲಾಗದ ಕೆಲಸ. ನನ್ನ ಸಿಟ್ಟು ದುಡ್ಡು ಹೋದದ್ದಕ್ಕಿಂತ ಇದಕ್ಕೇ ಹೆಚ್ಚು.

ಟಿಕೆಟ್ ಕೊನೆಗೆ ವಜಾ ಆಯಿತು. ಮೊದಲೇ ಕೇಳಿದ್ದ ಆ ಮೆಸೇಜು, ಅವನ ಸುಳ್ಳು ಉತ್ತರ, ಮತ್ತೆ ಅನುಮಾನ ಬಂದ ತಕ್ಷಣ ತೋಟಾ ತೆಗೆದದ್ದನ್ನು ವಾರ್ಡನ್ ತಮ್ಮ ವರದಿಯಲ್ಲಿ ಬರೆದದ್ದು, ಇವೇ ಕಾರಣ. ಆದರೆ ವಕೀಲರ ಫೀಸು ಗದ್ದೆಯ ಬಾಡಿಗೆಗಿಂತ ಎಷ್ಟೋ ಜಾಸ್ತಿಯಾಯಿತು. ನಾನು ಗ್ರೀನ್ ಕಾರ್ಡಿನವನು. ಮುಂದೆ ಪೌರತ್ವಕ್ಕೆ ಎನ್-400 ಅರ್ಜಿ ಹಾಕುವಾಗ, ವಜಾ ಆದ ಟಿಕೆಟ್ಟನ್ನೂ ಬರೆದು ಕೋರ್ಟಿನ ಕಾಗದ ಜೊತೆಗಿಡಬೇಕು ಅಂತ ವಕೀಲರು ಹೇಳಿದ್ದಾರೆ. ಆ ಕಾಗದದ ಫೈಲು ಈಗ ಪಾಸ್‌ಪೋರ್ಟಿನ ಪಕ್ಕದಲ್ಲೇ ಇರುತ್ತದೆ.

ಹಾಗಾಗಿ ಹೋಗಲೇಬೇಕು ಅಂದರೆ ಹಿಂದಿನ ದಿನ ಬೆಳಕಿದ್ದಾಗ ಗದ್ದೆ ತೋರಿಸು ಅನ್ನಿ. ತೋರಿಸದವನಿಗೆ ದುಡ್ಡು ಕೊಡಬೇಡಿ. ನೀರಿಗೆ ಇಳಿದು ನಡೆಯಿರಿ. ಬ್ಲೈಂಡಿನಿಂದ ಗುಂಡು ಮುಟ್ಟುವ ದೂರದಲ್ಲಿ, ಅದರಲ್ಲೂ ಹಕ್ಕಿಯ ಪುಕ್ಕ ಮತ್ತು ಹಿಕ್ಕೆ ಒಂದೇ ಕಡೆ ಗುಡ್ಡೆಯಾಗಿರುವಲ್ಲಿ, ತಳದ ಕೆಸರು ಎತ್ತಿ ನೋಡಿ. ಆ ಗದ್ದೆಯಲ್ಲಿ ಬೆಳೆಯದ ಒಂದು ಕಾಳು ಸಿಕ್ಕರೂ ವಾಪಸ್ ಬನ್ನಿ. ಅಕ್ಟೋಬರಿನಲ್ಲಿ ಸುತ್ತಲಿನ ಗದ್ದೆ ಒಣಗಿದ್ದು ಒಂದು ಮೂಲೆಗೆ ಮಾತ್ರ ನೀರು ಬಿಟ್ಟಿದ್ದರೆ ಅದು ತಪ್ಪಲ್ಲ, ಆದರೆ ಅಲ್ಲಿ ಜಾಸ್ತಿ ಹುಡುಕಿ. ಮಾತನ್ನೆಲ್ಲ ಮೆಸೇಜಿನಲ್ಲೇ ಇಟ್ಟುಕೊಳ್ಳಿ, ಫೋನಿನಲ್ಲಿ ಮಾತ್ರ ಮಾತಾಡುತ್ತೇನೆ ಅನ್ನುವವನನ್ನು ಬಿಡಿ. ಗದ್ದೆ ಬಾಡಿಗೆಗೆ ಕೊಡುವ ಪ್ರಾಮಾಣಿಕ ರೈತರು ಬೇಕಾದಷ್ಟಿದ್ದಾರೆ, ಅವರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ನಮ್ಮ ಮಾಲೀಕ ಅಂದು ಬೆಳಿಗ್ಗೆಯಿಂದಲೇ ಫೋನ್ ಆಫ್ ಮಾಡಿಕೊಂಡ. ಕೊಟ್ಟ ದುಡ್ಡು ವಾಪಸ್ ಬರಲಿಲ್ಲ. ಅವನ ಮೇಲಿನ ಕೇಸು ಬೇರೆ ನಡೆಯುತ್ತಿದೆ. ಆದರೂ ಈ ಸೀಸನ್ನಿಗೆ ಬೇರೆ ಹೆಸರಿನಲ್ಲಿ ಅದೇ ಜಾಹೀರಾತು ಬಂದಿದೆ. ಫೋಟೋನೂ ಅದೇ: ಬದುವಿನ ಮೇಲೆ ಕೆಂಪು ನಾಲ್ಕು ಚಕ್ರದ ಗಾಡಿ, ಹಿಂದೆ ತುಕ್ಕು ಹಿಡಿದ ತಗಡಿನ ಪಂಪ್‌ಹೌಸ್. ಅದು ನಿಮ್ಮ ಕಣ್ಣಿಗೆ ಬಿದ್ದರೆ ದುಡ್ಡು ಕಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದು ರಾಜ್ಯದ ಕ್ಯಾಲ್‌ಟಿಪ್ ಸಹಾಯವಾಣಿಗೆ ತಿಳಿಸಿ. ಹೆಸರು ಹೇಳದೆಯೂ ದೂರು ಕೊಡಬಹುದು.