ದೂರದಲ್ಲಿರುವವರ ಮನಸ್ಸು ತಿಳಿಯಲು: ಫೋನೋ, ವಿಡಿಯೋ ಕಾಲೋ, ವಾಟ್ಸಾಪೋ?

ಊರಲ್ಲಿರುವ ಅಮ್ಮ "ಚೆನ್ನಾಗಿದ್ದೀನಿ" ಎನ್ನುತ್ತಾರೆ, ಅದು ನಿಜವೇ ಎಂದು ಹೇಗೆ ತಿಳಿಯುವುದು ಎಂದು ಕೇಳಿದ್ದೀರಿ.

ಮುಖ ಕಂಡರೆ ಎಲ್ಲ ಗೊತ್ತಾಗುತ್ತದೆ ಎಂಬ ನಂಬಿಕೆ ಅರ್ಧ ಸರಿ. ನಗುಮುಖ ಹೊತ್ತು ಕೂರುವುದು ಸುಲಭ, ದನಿಯನ್ನು ಹಿಡಿತದಲ್ಲಿಡುವುದು ಕಷ್ಟ. ಮನಶ್ಶಾಸ್ತ್ರಜ್ಞ ಮೈಕೆಲ್ ಕ್ರೌಸ್ 2017ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮುಖ ನೋಡುತ್ತ ಕೇಳಿದವರಿಗಿಂತ ಬರೀ ದನಿ ಕೇಳಿದವರು ಭಾವನೆಯನ್ನು ಹೆಚ್ಚು ಸರಿಯಾಗಿ ಊಹಿಸಿದರು. ಹಾಗಾಗಿ ಬೇಸರ, ಆತಂಕದ ಅನುಮಾನವಿದ್ದರೆ ಫೋನ್ ಮಾಡಿ. ಉತ್ತರಕ್ಕೆ ಮುಂಚಿನ ತಡವರಿಕೆ, ಇಳಿದ ಸ್ವರ, ತುಂಡು ಮಾತು ಗಮನಿಸಿ. ಹೋಲಿಸಬೇಕಾದದ್ದು ಅವರದೇ ಎಂದಿನ ಮಾತಿನೊಂದಿಗೆ, ಬೇರೆಯವರ ಮಾತಿನೊಂದಿಗಲ್ಲ.

ಮೈ ಇಳಿದಿದೆಯೇ, ಕೈ ನಡುಗುತ್ತಿದೆಯೇ ಎಂದು ನೋಡಬೇಕಾದರೆ, ಕಿವಿ ಮಂದವಿದ್ದರೆ, ವಿಡಿಯೋನೇ ಬೇಕು. ಆದರೆ ನೆಟ್‌ವರ್ಕ್ ತಡವಾದರೆ ಅದೇ ಹಿಂಜರಿಕೆಯಂತೆ ಕೇಳಿಸುತ್ತದೆ. ಕ್ಯಾಮೆರಾ ಪರದೆಯ ಮೇಲಂಚಿನಲ್ಲಿರುವುದರಿಂದ, ನಿಮ್ಮನ್ನೇ ನೋಡುತ್ತಿದ್ದರೂ ಕಣ್ಣು ತಪ್ಪಿಸಿದಂತೆ ಕಾಣುತ್ತದೆ. ಕಿಟಕಿಗೆ ಬೆನ್ನು ಹಾಕಿ ಕೂತರೆ ಮುಖ ಕಪ್ಪಾಗುತ್ತದೆ. ಕಿಟಕಿಯ ಕಡೆ ತಿರುಗಿ ಕೂರಲು ಹೇಳಿ.

ವಾಟ್ಸಾಪಿನ "ಸರಿ" ಒಪ್ಪಿಗೆಯೋ ಮುನಿಸೋ ತಿಳಿಯದು. ಮಾತ್ರೆ, ಬಸ್ಸಿನ ಸಮಯಕ್ಕೆ ಸಾಕು. ಬಾಯಿಬಿಟ್ಟು ಹೇಳಲು ಸಂಕೋಚಪಡುವವರಿಗೆ ಮಾತ್ರ ನಿಧಾನವಾಗಿ ಬರೆಯುವುದೇ ಹಗುರ.