ಒಂದೇ ವಿಮಾನ, ಮೂರು ರೆಕ್ಕೆ

ಮನೆಯಲ್ಲೇ ಫೋಮ್‌ನಲ್ಲಿ ಮಾಡಿ ರಿಮೋಟಿನಿಂದ ಹಾರಿಸೋ ಪುಟ್ಟ ವಿಮಾನದ ಮಾತು ಇದು. ಒಂದು ಮೋಟರಿನದರಲ್ಲಿ ಸಾಮಾನ್ಯವಾಗಿ ಮೋಟರ್ ಮೂತಿಯಲ್ಲಿ ಕೂರುತ್ತದೆ. ರೆಕ್ಕೆಗೆ ಅದರ ಗೊಡವೆ ಇಲ್ಲ. ಎರಡು ಮೋಟರಿನದು ಹಾಗಲ್ಲ. ಎರಡೂ ರೆಕ್ಕೆಯ ಮೇಲೇ ಕೂರುತ್ತವೆ, ರೆಕ್ಕೆ ತಿರುಚಿಕೊಂಡರೆ ಮೋಟರಿನ ಮುಖವೂ ತಿರುಗುತ್ತದೆ. ಅದಕ್ಕೇ ಯಾವ ಫೋಮ್ ಒಳ್ಳೆಯದು ಅಂತ ತಲೆ ಕೆಡಿಸಿಕೊಳ್ಳೋ ಬದಲು ಥರ್ಮಾಕೋಲ್, ಡೆಪ್ರಾನ್ (ಥರ್ಮಾಕೋಲ್ ಜಾತಿಯದೇ, ಕಾಳಿಲ್ಲದ ನಯವಾದ ಹಾಳೆ), ಫೋಮ್ ಬೋರ್ಡ್ ಮೂರರಲ್ಲೂ ಒಂದೊಂದು ರೆಕ್ಕೆ ಮಾಡಿ, ಒಂದೇ ಬಾಡಿಯ ಮೇಲೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ ಹಾರಿಸಿದೆ.

ಉಳಿದ ಸಾಮಾನು ಮೂರಕ್ಕೂ ಒಂದೇ. 1000 ಕೆವಿಯ (ಒಂದು ವೋಲ್ಟಿಗೆ ನಿಮಿಷಕ್ಕೆ ಸಾವಿರ ಸುತ್ತಿನ ಲೆಕ್ಕ) 2212 ಅಳತೆಯ ಮೋಟರ್ ಎರಡು, 8 ಇಂಚಿನ ಪ್ರೊಪೆಲ್ಲರ್, 30 ಆಂಪಿಯರ್ ಇಎಸ್‌ಸಿ (ಮೋಟರಿನ ವೇಗ ಹತೋಟಿಯಲ್ಲಿಡುವ ಸರ್ಕ್ಯೂಟ್) ಎರಡು, 3 ಸೆಲ್‌ನ 2200 ಎಂಎಎಚ್ ಲೈಪೊ ಬ್ಯಾಟರಿ, ರಡ್ಡರ್ (ಬಾಲದಲ್ಲಿ ಎಡ-ಬಲ ತಿರುಗುವ ಹಲಗೆ) ಥರದ್ದನ್ನು ಆಡಿಸುವ 9 ಗ್ರಾಂ ಸರ್ವೊಗಳು. ರೆಕ್ಕೆಯ ಉದ್ದ 120 ಸೆಂ.ಮೀ., ಅಗಲ 20.

ನಮ್ಮ ಮನೆ ಮೈಸೂರಲ್ಲಿ ಮಂಡಕಳ್ಳಿ ವಿಮಾನ ನಿಲ್ದಾಣದ ಕಡೆಗಿದೆ, ಅಲ್ಲಿ ಹಾರಿಸೋ ಮಾತೇ ಇಲ್ಲ. ಮಂಡ್ಯದ ಹತ್ತಿರ ಸೋದರಮಾವನ ಗದ್ದೆ ಇದೆ. ಭತ್ತ ಕೊಯ್ದ ಮೇಲೆ ಒಳ್ಳೇ ಮೈದಾನ. ಪಕ್ಕದಲ್ಲಿ ಮಾತ್ರ ಕಬ್ಬು.

ಮೊದಲು ಥರ್ಮಾಕೋಲ್. ಗಣೇಶನ ಮಂಟಪದ ಸಾಮಾನು ಮಾರುವ ಅಂಗಡಿಯಲ್ಲಿ 12 ಮಿ.ಮೀ. ಹಾಳೆ ಸಿಕ್ಕಿತು. ಅಡುಗೆಮನೆ ತಕ್ಕಡಿಯಲ್ಲಿ ಬರೀ 46 ಗ್ರಾಂ! ಖುಷಿಯಾಯಿತು. ಆದರೆ ತುದಿ ಹಿಡಿದು ತಿರುಚಿದರೆ ಹಳೇ ಚಪ್ಪಲಿಯ ಹಾಗೆ ಬಳುಕುತ್ತಿತ್ತು. ಗಂಧದಕಡ್ಡಿಯ ಬರೀ ಬಿದಿರು ಕಡ್ಡಿಗಳನ್ನು ಬಿಳಿ ಗಮ್‌ನಲ್ಲಿ ಅದ್ದಿ ಉದ್ದಕ್ಕೂ ಕೂರಿಸಿದೆ. (ಮೈಸೂರಲ್ಲಿ ಆ ಕಡ್ಡಿಗೆ ಬರವೇ?) ಕ್ಷಣದಲ್ಲಿ ಅಂಟುವ ಗಮ್ ಮಾತ್ರ ಮುಟ್ಟಬೇಡಿ, ಥರ್ಮಾಕೋಲನ್ನು ತಿಂದು ಹಾಕುತ್ತದೆ.

ಮೂರನೇ ಸಲ ಹಾರಿಸಿದಾಗ ಪೂರ್ತಿ ಥ್ರಾಟಲ್ ಕೊಟ್ಟೆ. ಬಲಗಡೆ ಮೋಟರ್ ತಲೆ ಆಡಿಸತೊಡಗಿತು. ನೋಡನೋಡುತ್ತಾ ಪ್ಲೈವುಡ್ ತುಂಡಿನ ಸಮೇತ ಕಿತ್ತು ವೈರಿನಲ್ಲಿ ಜೋತಾಡಿತು. ಎಡಗಡೆಯದು ಒಂದೇ ಎಳೆದರೆ ಇನ್ನೇನು? ಗಿರಕಿ ಹೊಡೆದು ನೇರ ಕಬ್ಬಿನೊಳಗೆ. ಬದುವಿನ ಮೇಲಿದ್ದ ಮಾವ, ‘ಇನ್ ಕಬ್ಬು ಕಡಿಯೋಗಂಟ ಸಿಗಾಕಿಲ್ಲ ಕಣ್ಲಾ’ ಅಂದರು. ಒಳಗೆ ನುಗ್ಗಿ, ರಿಮೋಟಿನಲ್ಲಿ ರಡ್ಡರ್ ಕಡ್ಡಿ ಆಡಿಸಿ ಸರ್ವೊದ ‘ಜುಯ್ ಜುಯ್’ ಸದ್ದಿಗೆ ಕಿವಿ ಕೊಟ್ಟೆ. ಗರಿ ಸದ್ದಿನಲ್ಲಿ ಅದೂ ಕೇಳದು. ಗಾಳಿ ನಿಂತಾಗ ಮಾತ್ರ ಒಂದಿಷ್ಟು ಕೇಳೋದು. ಮುಕ್ಕಾಲು ಗಂಟೆ ಆದ ಮೇಲೆ ಸಿಕ್ಕಿತು. ಕೈತುಂಬಾ ಗರಿ ಕೊಯ್ದ ಗೀರು.

ಆಮೇಲೆ 6 ಮಿ.ಮೀ. ಡೆಪ್ರಾನ್. ನಾನು ವಿಚಾರಿಸಿದ ಅಂಗಡಿಗಳಲ್ಲಿ ಇರಲಿಲ್ಲ, ಆನ್‌ಲೈನ್‌ನಲ್ಲೇ ತರಿಸಿದೆ. ರೆಕ್ಕೆ 98 ಗ್ರಾಂ. ಹಾರಾಟ ಅಂದರೆ ಇದರದ್ದೇ. ಅರ್ಧ ಥ್ರಾಟಲ್‌ನಲ್ಲಿ ತೇಲುತ್ತದೆ, ನಿಧಾನಕ್ಕೆ ಇಳಿಯುತ್ತದೆ. ಆದರೆ ಕೂಳೆಗೆ ಒಂದು ಸಲ ತಗಲಿತು, ಮೋಟರ್ ಕೂರಿಸಿದ ಅಂಚಿನಲ್ಲೇ ಹಪ್ಪಳದ ಹಾಗೆ ಲಟಕ್. ಒಡೆದದ್ದು ನೀಟಾಗಿ ಕೂಡುತ್ತದೆ ಅನ್ನೋದೇ ಸಮಾಧಾನ. ಹಾಗಂತ ಪ್ರತಿ ಭಾನುವಾರ ಅಂಟಿಸುತ್ತಾ ಕೂರೋಕಾಗುತ್ತಾ?

ಕೊನೆಗೆ ಎರಡೂ ಕಡೆ ಕಾಗದ ಇರುವ 5 ಮಿ.ಮೀ. ಫೋಮ್ ಬೋರ್ಡ್. ತೂಕ 215 ಗ್ರಾಂ, ನೋಡಿ ಎದೆ ಧಸಕ್ ಅಂತು. ಒಂದು ಕಡೆಯ ಕಾಗದ, ಒಳಗಿನ ಫೋಮ್ ಎರಡನ್ನೂ ಗೀರಿ, ಇನ್ನೊಂದು ಕಡೆಯ ಕಾಗದ ಉಳಿಸಿ, ಲಕೋಟೆಯ ಹಾಗೆ ಮಡಚಿದೆ. ಒಳಗೆ ಪೊಳ್ಳು ಉಳಿಯುತ್ತದೆ, ಮೋಟರಿನ ವೈರೆಲ್ಲಾ ಅದರಲ್ಲೇ ಹೋಗುತ್ತದೆ. (ವೈರ್ ಸಾಲದಿದ್ದರೆ ಇಎಸ್‌ಸಿಯ ಮೋಟರ್ ಕಡೆಯದನ್ನು ಉದ್ದ ಮಾಡಿ, ಬ್ಯಾಟರಿ ಕಡೆಯದನ್ನಲ್ಲ.) ತಿರುಚಿ ನೋಡಿದೆ, ಜಗ್ಗಲಿಲ್ಲ. ಆದರೆ ಭಾರ ಜಾಸ್ತಿಯಾದ್ದಕ್ಕೆ ಇಳಿಯುವಾಗ ವೇಗವೂ ಜಾಸ್ತಿ ಬೇಕು, ತಿರುವಿನಲ್ಲಿ ನಿಧಾನ ಮಾಡಿದರೆ ಒಂದು ಕಡೆಯ ರೆಕ್ಕೆ ದಿಢೀರ್ ಕೆಳಗೆ ವಾಲುತ್ತದೆ. ಜನವರಿಯ ಇಬ್ಬನಿಯಲ್ಲಿ ಹೊಟ್ಟೆ ಮೇಲೆ ಇಳಿಸಿದ್ದಕ್ಕೆ ಅಡಿಯ ಕಾಗದ ಉಬ್ಬಿ ಸುಲಿದು ಬಂತು. ಈಗ ಅಡಿಗೆ ಪೂರ್ತಿ ಬ್ರೌನ್ ಟೇಪ್ ಸುತ್ತಿದ್ದೇನೆ. ಆಮೇಲೆ ಎಷ್ಟು ಸಲ ಬಿದ್ದರೂ ಮೋಟರ್ ಕಿತ್ತು ಬಂದಿಲ್ಲ.

ಪ್ರೊಪೆಲ್ಲರ್‌ನಲ್ಲೂ ಎರಡು ಥರ ನೋಡಿದೆ. ಎರಡೂ ಒಂದೇ ಕಡೆ ತಿರುಗಿದರೆ ಕೈಯಿಂದ ಎಸೆದ ಕೂಡಲೇ ವಿಮಾನ ಎಡಕ್ಕೆ ವಾಲುತ್ತಿತ್ತು. ಡ್ರೋನಿನ ಜೋಡಿ ಪ್ರೊಪೆಲ್ಲರ್ (ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ ತಿರುಗೋದು) ತಂದು, ಒಂದು ಮೋಟರ್ ಉಲ್ಟಾ ತಿರುಗಲಿ ಅಂತ ಅದರ ಮೂರು ವೈರಿನಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದೆ. ವಾಲೋದು ನಿಂತಿತು. ಎರಡು ಇಎಸ್‌ಸಿ ರಿಸೀವರಿಗೆ (ರಿಮೋಟಿನ ಸಿಗ್ನಲ್ ಹಿಡಿಯುವ ಡಬ್ಬಿ) ಹೋಗುವಾಗ ಒಂದರ ರಿಸೀವರ್ ಪ್ಲಗ್ಗಿನ ಕೆಂಪು ವೈರ್ ಬಿಚ್ಚಿಡಿ, ಇಲ್ಲದಿದ್ದರೆ ಎರಡರ 5 ವೋಲ್ಟೂ ಒಂದಕ್ಕೊಂದು ಗುದ್ದಾಡುತ್ತವೆ.

ಈಗ ನನ್ನದು ಫೋಮ್ ಬೋರ್ಡ್ ರೆಕ್ಕೆ, ಡೆಪ್ರಾನ್ ಬಾಲ. ಬಾಲ ಹಗುರವಾದರೆ ತೂಕ ಸರಿದೂಗಿಸೋಕೆ ಮೂತಿಗೆ ಸೀಸ ತುಂಬೋದು ತಪ್ಪುತ್ತದೆ. ಥರ್ಮಾಕೋಲ್ ಒಂದು ಮೋಟರಿನದಕ್ಕೆ ಇರಲಿ.

ಅಂದ ಹಾಗೆ, ಫೋಮ್ ಬೋರ್ಡ್ ಕೇಳಿದರೆ ಎಷ್ಟೋ ಅಂಗಡಿಯಲ್ಲಿ ಸನ್‌ಬೋರ್ಡ್ (ಗಟ್ಟಿ ಪ್ಲಾಸ್ಟಿಕ್ ಹಾಳೆ) ಕೊಡುತ್ತಾರೆ. ಅಂಚಿನಲ್ಲಿ ಉಗುರು ಒತ್ತಿ ನೋಡಿ, ಗುರುತು ಬೀಳದಿದ್ದರೆ ವಾಪಸ್ ಕೊಡಿ. ನಾನು ನೋಡದೇ ತಂದ ಹಾಳೆ ನಮ್ಮನೆ ಬಾಗಿಲಲ್ಲಿ ನೇಮ್‌ಪ್ಲೇಟ್ ಆಗಿ ಕೂತಿದೆ.