ಬಸುರಿ ತಂಗಿ ಬಯಕೆಗೆ ತಗೊಂಡ ಶಿರಸಿ ತೊಡದೇವು ಹೆಂಗಿತ್ತು

ಶಿರಸಿ ಪೇಟೆಲಿ ಮನೆ ತಿನಿಸು ಮಾರೋ ಅಂಗಡಿಗಳಲ್ಲಿ ತೊಡದೇವು (ಅಕ್ಕಿ ಹಿಟ್ಟು, ಬೆಲ್ಲದಲ್ಲಿ ಮಾಡೋ ಕಾಗದದಂಥ ತೆಳು ಸಿಹಿ ತಿನಿಸು) ಪ್ಯಾಕೆಟ್ ಸಿಗ್ತದೆ, ಆದ್ರೆ ಎಲ್ಲಾ ಪ್ಯಾಕೆಟ್ಟೂ ಒಂದೇ ಥರ ಇರಲ್ಲ. ನಾನು ತಗೊಂಡಿದ್ದು ಕುಮಟಾದಲ್ಲಿರೋ ತಂಗಿಗೆ. ಅವಳು ಬಸುರಿ, "ಎಂಗೆ ತೊಡದೇವು ತಿನ್ನವು ಅನ್ಸ್ತಾ ಇದ್ದು ಅಕ್ಕಾ" ಅಂತ ಫೋನ್ ಮಾಡಿದ್ಲು. ನಮ್ಮನೇಲಿ ಬಯಕೆ ಅಂದ್ರೆ ಮೊದ್ಲು ಬಸುರಿ ಬಯಕೆನೇ, ಉಳಿದೋರಿಗೆ ಬರೋದು ಆಸೆ, ಅದು ಜಾಸ್ತಿ ಆದ್ರೆ ಬಾಯಿಚಪಲ. ಚಪಲಕ್ಕೆ ಬೈತಾರೆ, ಬಯಕೆಗೆ ಯಾರೂ ಬೈಯಲ್ಲ, ತೀರಿಸ್ಲೇಬೇಕು. ಮಾವಿನಕಾಯಿ ಆದ್ರೆ ಯಾರ ತೋಟದಿಂದನಾದ್ರೂ ತರಬಹುದು, ತೊಡದೇವು ಮಾತ್ರ ಮನೇಲಿ ದಿಢೀರ್ ಅಂತ ಆಗೋದಲ್ಲ.

ಯಾಕಂದ್ರೆ ಅದಕ್ಕೆ ಬೇರೆನೇ ಮಡಕೆ ಬೇಕು. ಮಡಕೆನ ಬೋರಲು ಹಾಕಿ ಒಳಗಿಂದ ಬೆಂಕಿ ಕೊಟ್ಟು, ಮೇಲೆ ಎಣ್ಣೆ ಸವರಿ, ಅಕ್ಕಿ ಹಿಟ್ಟಿಗೆ ಕಬ್ಬಿನ ಹಾಲೋ ಬೆಲ್ಲವೋ ಸೇರಿಸಿ ನೀರಾಗಿ ಕಲಸಿದ್ದರಲ್ಲಿ ಕೋಲಿಗೆ ಸುತ್ತಿದ ಬಟ್ಟೆ ಅದ್ದಿ ಮಡಕೆ ಮೇಲೆ ಒಂದೇ ಬೀಸಿಗೆ ಎಳೀತಾರೆ, ಕ್ಷಣದಲ್ಲಿ ಬೆಂದು ಕಾಗದದಷ್ಟು ತೆಳ್ಳಗೆ ಏಳ್ತದೆ, ಬಿಸಿ ಇರುವಾಗ್ಲೇ ಮಡಚಬೇಕು, ತಣಿದ್ರೆ ಮುರೀತದೆ. ಕೈ ಪಳಗಿದವರಿಗೆ ಮಾತ್ರ ಬರೋ ಕೆಲಸ ಇದು, ಅವರಿಗೆ ಎಷ್ಟು ಕೊಟ್ರೂ ಕಮ್ಮಿ ಅಂತ ನನಗನಿಸ್ತದೆ.

ಈ ಪ್ಯಾಕೆಟ್ಟಿನ ಮಾಲು ಚೊಲೋ ಇತ್ತು. ಬೆಳಕಿಗೆ ಹಿಡಿದ್ರೆ ಆಚೆ ಕಡೆ ಬೆರಳು ಕಾಣಿಸ್ತಿತ್ತು, ಬಣ್ಣ ಬೆಲ್ಲದ್ದು, ಏಲಕ್ಕಿ ಹದವಾಗಿತ್ತು, ಎಣ್ಣೆ ಕಮಟು ವಾಸನೆ ಇಲ್ಲ. ಸಕ್ಕರೆ ಹಾಕಿದ್ದೂ ಮಾರ್ತಾರೆ, ಬಿಳಿ ಇರ್ತದೆ, ನೋಡೋಕೆ ಚಂದ, ಆದ್ರೆ ಬರೀ ಸಿಹಿ ಬಿಟ್ರೆ ಬೇರೆ ರುಚಿ ಇಲ್ಲ, ನಾನಂತೂ ತಗೊಳ್ಳಿ ಅನ್ನಲ್ಲ. ಆಲೆಮನೆ ಸೀಸನ್ನಲ್ಲಿ ಹಸಿ ಕಬ್ಬಿನ ಹಾಲಲ್ಲಿ ಮಾಡಿದ್ದು ಸಿಕ್ರೆ ಅದನ್ನೇ ತಗೊಳ್ಳಿ, ಅದರ ಮುಂದೆ ಇದು ಒಂದು ಮೆಟ್ಲು ಕೆಳಗೇ.

ಪ್ಯಾಕಿಂಗ್ ಮಾತ್ರ ಸರಿ ಇಲ್ಲ. ತೆಳು ಪ್ಲಾಸ್ಟಿಕ್ ಕವರು, ಬಸ್ಸಲ್ಲಿ ಕುಮಟಾ ದಾರಿಯ ದೇವಿಮನೆ ಘಾಟಿ ಇಳಿಯೋದ್ರೊಳಗೆ ಅಂಚೆಲ್ಲ ಪುಡಿ ಆಗಿತ್ತು. ಕರಾವಳಿ ಗಾಳಿಗೆ ಕವರು ಒಡೆದು ಇಟ್ರೆ ಮೆತ್ತಗಾಗಿಬಿಡ್ತದೆ, ಹಾಗಾಗಿ ಕೆಳಗೆ ಒಯ್ಯೋರು ಮನೆಯಿಂದ್ಲೇ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ ತಗೊಂಡು ಹೋಗಿ ಅಂಗಡಿಲೇ ತುಂಬಿಸ್ಕೊಳ್ಳಿ, ಪುಡಿ ಆಗಿದ್ದನ್ನ ಬಿಸಾಡ್ಬೇಡಿ, ಅದಕ್ಕೂ ಹಾಲು ಹಾಕಿ ತಿನ್ನಬಹುದು.

ತಂಗಿ ತಟ್ಟೇಲಿಟ್ಟು ಬಿಸಿ ಹಾಲು, ಒಂದು ಚಮಚ ತುಪ್ಪ ಹಾಕಿ ತಿಂದ್ಲು. ಹಾಲು ಬಿದ್ದ ಕೂಡ್ಲೇ ತಿನ್ನಬೇಕು, ಇಲ್ಲಾಂದ್ರೆ ಕರಗಿ ಗಂಜಿ ಥರ ಆಗ್ತದೆ. ಮಾತೇ ಆಡ್ಲಿಲ್ಲ, ಮುಗಿಸಿದ್ಮೇಲೆ ಇನ್ನೊಂದು ಇಡು ಅಂದ್ಲು. ಎಷ್ಟೋ ದಿನದಿಂದ ಅನ್ನ ಕಂಡ್ರೆ ವಾಕರಿಕೆ ಅಂತಿದ್ದೋಳು, ನಂಗೆ ಅದನ್ನ ನೋಡಿ ತುಂಬ ಖುಷಿ ಆಯ್ತು. ಒಂದು ಮಾತು, ಬಸುರಿಯರಿಗೆ ಶುಗರ್ ಬರೋದುಂಟು, ಬೆಲ್ಲಾನೂ ಶುಗರ್ ಏರಿಸ್ತದೆ, ಹಾಗೇನಾದ್ರೂ ಇದ್ರೆ ಡಾಕ್ಟರನ್ನ ಕೇಳೇ ಕೊಡಿ. ಇವಳ ರಿಪೋರ್ಟ್ ನಾರ್ಮಲ್ ಇತ್ತು.

ರುಚಿಗೆ ಐದಕ್ಕೆ ಐದು, ಪ್ಯಾಕಿಂಗಿಗೆ ಎರಡು. ಮುಂದಿನ ವಾರ ಡಬ್ಬಿ ಹಿಡ್ಕೊಂಡು ಮತ್ತೆ ಹೋಗ್ತಿದೀನಿ, ಅವಳ ಅತ್ತೆನೂ ತಮಗೊಂದು ಪ್ಯಾಕೆಟ್ ಹೇಳಿದಾರೆ.